ಅಪೋಸ್ತಲರು ಉಣ್ಣದೆ ಎದ್ದ ಊಟ

ಒಬ್ಬ ಮನುಷ್ಯನ ಮುಂದೆ ಬಿಸಿ ಮಟನ್ ಸಾರು ಇಟ್ಟು, ಅವನು ಒಂದು ತುತ್ತೂ ಬಾಯಿಗೆ ಹಾಕದ ಹಾಗೆ ಮಾಡಿ ಸೇಡು ತೀರಿಸಿಕೊಂಡ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಆಕೆಯ ಜೊತೆ ಐವತ್ತು ವರ್ಷ ಸಂಸಾರ ಮಾಡಿದ್ದೇನೆ. ಹೆಸರು ಮೇಬಲ್. ಸಿಟ್ಟು ಬಂದರೆ ಪಾತ್ರೆ ಕುಕ್ಕುವವಳಲ್ಲ, ಕೂಗುವವಳಲ್ಲ. ಸುಮ್ಮನೆ ಕೂತು ಬೆಳ್ಳುಳ್ಳಿ ಸುಲಿಯುತ್ತಾಳೆ. ಅವಳು ಬೇಕಾದದ್ದಕ್ಕಿಂತ ಹೆಚ್ಚು ಬೆಳ್ಳುಳ್ಳಿ ಸುಲಿದ ದಿನ ನಾನು ಮನೆ ಬಿಟ್ಟು ಉಣಕಲ್ ಕೆರೆಯ ದಂಡೆಗೆ ಹೋಗಿ ಕೂರುತ್ತೇನೆ.

ನಾನು ಪ್ರಭುದಾಸ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಈಗ ಬೈರಿದೇವರಕೊಪ್ಪದ ಮನೆಯಲ್ಲಿ ನಾವು ಐದು ಜನ. ನಾನು, ಮೇಬಲ್, ಮಗ ನೋಯೆಲ್, ಸೊಸೆ ನ್ಯಾನ್ಸಿ, ಮೊಮ್ಮಗಳು ಜಾಯ್ಸ್. ನೋಯೆಲ್ ಕಾರು ಷೋರೂಮಿನಲ್ಲಿದ್ದಾನೆ, ನ್ಯಾನ್ಸಿ ಖಾಸಗಿ ಶಾಲೆಯಲ್ಲಿ ಟೀಚರು, ಜಾಯ್ಸ್ ವಿದ್ಯಾನಗರದಲ್ಲಿ ಡಿಗ್ರಿ ಓದುತ್ತಾಳೆ.

ಆರನೆಯವನೊಬ್ಬ ಇದ್ದ. ಅವನು ಗೋಡೆಯ ಮೇಲಿದ್ದ. ಬಿಳಿ ಕೋಟು, ಎತ್ತಿದ ಕೈ, ಫ್ರೇಮಿನ ಸುತ್ತ ಮಿಣಮಿಣ ದೀಪ. ಅಪೋಸ್ತಲ ಜಾನ್ಸನ್.

ನಾನು ಮೊದಲು ನೋಡಿದಾಗ ಅವನು ಬರೀ ಬ್ರದರ್ ಜಾನ್ಸನ್. ಗಿಟಾರ್ ಹಿಡಿದು ಮನೆಮನೆಗೆ ಪ್ರಾರ್ಥನೆಗೆ ಬರುತ್ತಿದ್ದ, ಅವಲಕ್ಕಿ ಕೊಟ್ಟರೆ ತಿಂದು ತಟ್ಟೆ ತಾನೇ ತೊಳೆದಿಟ್ಟು ಹೋಗುತ್ತಿದ್ದ. ಆಮೇಲೆ ಪಾಸ್ಟರ್ ಆದ. ಆಮೇಲೆ ಯಾರೂ ಕೇಳದಿದ್ದರೂ ಅಪೋಸ್ತಲ ಆದ. ಅಪೋಸ್ತಲರೆಂಬ ಶಿಷ್ಯರು ಹನ್ನೆರಡು ಮಂದಿ ಸಾಕು ಎಂದು ಯೇಸುಸ್ವಾಮಿ ನಿಲ್ಲಿಸಿದ್ದನ್ನು ಗೋಕುಲ ರಸ್ತೆಯ ಕಡೆ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಮುಂದುವರಿಸಿದರು. ಅವನ ಹುಟ್ಟುಹಬ್ಬಕ್ಕೆ ಮಂತ್ರಿಗಳಿಗೆ ಮಾಡುವಂತೆ ಕ್ರೇನ್ ತರಿಸಿ ಸೇಬಿನ ಹಾರ ಹಾಕಿದರು. ನ್ಯಾನ್ಸಿ ಆ ಹಾರದ ಒಂದು ಸೇಬು ಮನೆಗೆ ತಂದು ಐದು ಹೋಳು ಮಾಡಿ ಕೊಟ್ಟಳು.

"ಕಣ್ಣ ಮುಚ್ಚಿ ತಿನ್ರಿ ಅತ್ತಿ, ಆಶೀರ್ವಾದ ಐತಿ."

"ಬ್ಯಾಡವ್ವ," ಅಂದಳು ಮೇಬಲ್. "ಹಣ್ಣ ತಿಂದು ಕೆಟ್ಟ ಮನಿತನ ನಮ್ದು, ಆದಾಮನ ಕಾಲದಿಂದ."

ನಮ್ಮ ಹಳೆಯ ಮಿಷನ್ ಚರ್ಚಿಗೆ ನಾನೂ ಮೇಬಲ್ಲೂ ಮಾತ್ರ ಹೋಗುತ್ತಿದ್ದೆವು. ಅಲ್ಲಿಯ ಪಾದ್ರಿ ಅಯ್ಯನವರು ಸ್ಕೂಟರ್ ಮೇಲೆ ಬರುತ್ತಾರೆ, ಪ್ರಸಂಗ ಉದ್ದ ಮಾಡುತ್ತಾರೆ, ಮಧ್ಯೆ ಕನ್ನಡಕ ಹುಡುಕುತ್ತಾರೆ. ಅಂಥವರ ಫೋಟೋ ಯಾರು ಹಾಕಿಕೊಳ್ಳುತ್ತಾರೆ? ನೋಯೆಲ್ ಮಾತ್ರ ಅಪೋಸ್ತಲನ ಗೋದಾಮಿನ ಹೊರಗೆ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಭಾನುವಾರ ಪೂರ್ತಿ ಕಾರು ನಿಲ್ಲಿಸುವ ಸೇವೆ ಮಾಡುತ್ತಿದ್ದ. ಒಳಗೆ ಕೂತು ಆರಾಧನೆ ಮಾಡಿ ಅವನಿಗೆ ಎಷ್ಟು ತಿಂಗಳಾಗಿತ್ತೋ ಅವನಿಗೇ ಗೊತ್ತಿರಲಿಲ್ಲ.

ಪಕ್ಕದ ಮನೆಯ ಕಾಳವ್ವ ಒಮ್ಮೆ ಕರಿಬೇವು ಕೇಳಲು ಬಂದವಳು ಆ ಫೋಟೋ ನೋಡಿ ನಿಂತಳು. ಕಾಳವ್ವ ಗಂಡ ಸತ್ತ ಹೆಂಗಸು, ಲಿಂಗಾಯತರವಳು, ಮೇಬಲ್‌ಗೆ ಅಕ್ಕತಂಗಿಗಿಂತ ಹೆಚ್ಚು. ನಮ್ಮ ಮನೆಯಲ್ಲಿ ಮಟನ್ ಬೇಯುವ ದಿನ ಮೂಗಿಗೆ ಸೆರಗು ಹಿಡಿದೇ ಗೋಡೆಯ ಆಚೆ ನಿಂತು ಹರಟುತ್ತಿದ್ದಳು.

"ಅಲ್ಲ ಮೇಬಲವ್ವ, ಫೋಟೋಕ್ಕ ದೀಪ ಹಚ್ಚೂದು ನಿಮ್ಮೊಳಗ ಇಲ್ಲಂತಿದ್ದಿ?"

"ಇದು ದೀಪ ಅಲ್ಲ ಕಾಳವ್ವ, ಎಲ್‌ಇಡಿ ಐತಿ."

ಇಬ್ಬರೂ ನಕ್ಕರು. ನ್ಯಾನ್ಸಿ ಅಡುಗೆಮನೆಯಲ್ಲಿ ಲಟ್ಟಣಿಗೆಯನ್ನು ಸ್ವಲ್ಪ ಜೋರಾಗಿ ಇಟ್ಟಳು.

ಮೇಬಲ್‌ಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆ ಹೊತ್ತಿಗೆ ಕಾಳವ್ವ ಮೊಮ್ಮಗಳ ಬಾಣಂತನಕ್ಕೆಂದು ನವಲಗುಂದದ ಮಗಳ ಮನೆಗೆ ಹೋಗಿದ್ದಳು. ಆಪರೇಷನ್ ಚೆನ್ನಾಗಿ ಆಯಿತು. ಕೆಲವೇ ದಿನಗಳಲ್ಲಿ ಮೇಬಲ್ ಪೇಪರಿನ ಸಣ್ಣ ಅಕ್ಷರ ಓದತೊಡಗಿದಳು. ನನ್ನ ಅಂಗಿಯ ಕಾಲರಿನ ಕೊಳೆ ಕಂಡು ಬೈಯತೊಡಗಿದಳು. ಬಿಸಿಲಿಗೆ ಮಾತ್ರ ಕರಿ ಕನ್ನಡಕ ಹಾಕಬೇಕಿತ್ತು.

ಆಗ ನ್ಯಾನ್ಸಿ ಕೇಳಿದಳು: "ಅತ್ತಿ, ಒಂದ ಸಲ ನಮ್ಮಲ್ಲಿ ಸ್ತೋತ್ರಕ್ಕ ಬರ್ರಿ. ದೇವ್ರು ಕಣ್ಣ ಕೊಟ್ಟಾನ, ಥ್ಯಾಂಕ್ಸ್ ಹೇಳೂದು ಬ್ಯಾಡೇನ್ರಿ?"

ಸೊಸೆ ಅಷ್ಟು ಪ್ರೀತಿಯಿಂದ ಕರೆದರೆ ಹೇಗೆ ಇಲ್ಲವೆನ್ನುವುದು? ಮೇಬಲ್ ಹೋದಳು. ನಾನೂ ಹೋದೆ. ಹೊಗೆ ಬಿಡುವ ಯಂತ್ರ, ಬಣ್ಣಬಣ್ಣದ ಲೈಟು, ಎರಡು ಕಡೆ ಕರಿ ಅಂಗಿ ತೊಟ್ಟ ದಾಂಡಿಗರು. ಮೇಬಲ್‌ಳನ್ನು ಮುಂದೆ ಕರೆದರು. ಸ್ಟೇಜಿನ ಲೈಟು ಚುಚ್ಚುತ್ತದೆಂದು ಅವಳು ಕರಿ ಕನ್ನಡಕ ಹಾಕಿಕೊಂಡೇ ಹತ್ತಿದಳು. ಅಪೋಸ್ತಲ ಬಂದ, ಹಣೆಯ ಮೇಲೆ ಕೈ ಇಟ್ಟು ಕೂಗಿದ, ಕನ್ನಡಕ ಕಿತ್ತು ಎಸೆದ, ಬೈಬಲ್ ತೆಗೆದು ಮುಖದ ಮುಂದೆ ಹಿಡಿದ.

"ಓದಿ ಅಮ್ಮಾ!"

ಮೇಬಲ್ ಓದಿದಳು. ಓದು ಬರುತ್ತದೆ, ಕಣ್ಣು ಕಾಣುತ್ತದೆ, ಓದಿದಳು. ಗೋದಾಮು ಹಾರಿಹೋಗುವಂತೆ ಜನ ಕಿರುಚಿದರು.

"ಡಾಕ್ಟರುಗಳು ಕೈಬಿಟ್ಟಿದ್ದ ಕಣ್ಣು!" ಎಂದು ಅಪೋಸ್ತಲ ಕೂಗಿದ.

"ಯಾವ ಡಾಕ್ಟರ್ ಕೈಬಿಟ್ರು? ನಂಗ ಆಪರೇ..." ಎಂದು ಮೇಬಲ್ ಬಾಯಿ ತೆರೆಯುವಷ್ಟರಲ್ಲಿ ಮೈಕು ಅವಳ ಬಾಯಿಂದ ದೂರ ಹೋಗಿ, ಡ್ರಮ್ ಶುರುವಾಗಿತ್ತು. ಇಬ್ಬರು ಹೆಂಗಸರು ಅವಳ ರಟ್ಟೆ ಹಿಡಿದು ಕೆಳಗಿಳಿಸಿದರು.

ಮನೆಗೆ ಬಂದು ದೊಡ್ಡ ಜಗಳ.

"ನಾ ಕುಲ್ಡಿ ಇದ್ನೇನವಾ? ಮುಂಜಾನಿ ಅಕ್ಕಿಯೊಳಗಿನ ಹರಳ ಆರಿಸಿ ಬಂದಾಕಿನ್ನ ಅಲ್ಲಿ ಕುಲ್ಡಿ ಮಾಡಿ ನಿಂದರಿಸಿದ್ರಿ!"

ನ್ಯಾನ್ಸಿ ಅಳುತ್ತ ಹೇಳಿದಳು: "ಆಪರೇಷನ್ ಛಲೋ ಆಗಿದ್ದು ಯಾರ ಪ್ರಾರ್ಥನಿಯಿಂದರಿ ಅತ್ತಿ? ನಾ ಅವರ ಕಡೆ ನಿಮ್ಮ ಹೆಸರ ಕೊಟ್ಟಿದ್ನಿ. ಎಲ್ಲಾ ಒಂದ ಅಲ್ಲೇನು?"

"ಒಂದ ಅಲ್ಲ. ಡಾಕ್ಟರ್ ಕೊಯ್ದಿದ್ದು ಬ್ಯಾರೆ, ಈಂವ ಕೂಗಿದ್ದು ಬ್ಯಾರೆ."

ನೋಯೆಲ್ ನಡುವೆ ಬಂದ. "ಅವ್ವಾ, ಬಿಟ್ಟ ಬಿಡು. ನೀ ಈಗ ತಿರುಗಿ ಮಾತಾಡಿದ್ರ ನ್ಯಾನ್ಸಿ ಮರ್ಯಾದಿ ಏನ ಆಗಬೇಕು? ಆಕಿ ಮಹಿಳಾ ಕೂಟದ ಲೀಡರ್ ಅದಾಳ."

ಮೇಬಲ್ ಮಗನ ಮುಖ ನೋಡಿ ಬಿಟ್ಟಳು. ಮರುವಾರ ಉಣಕಲ್ ಕ್ರಾಸಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಒಂದು ಕಡೆ ಕರಿ ಕನ್ನಡಕದ ಮೇಬಲ್, ಇನ್ನೊಂದು ಕಡೆ ಬೈಬಲ್ ಓದುವ ಮೇಬಲ್, ನಡುವೆ ಅವರಿಬ್ಬರಿಗಿಂತ ದೊಡ್ಡವನಾಗಿ ಜಾನ್ಸನ್. ಧಾರವಾಡದ ಬಸ್ಸಿನಲ್ಲಿ ಹೋಗುವ ಗುರುತಿನವರೆಲ್ಲ ಫೋನು ಮಾಡಿದರು. ವಿಡಿಯೋ ಊರೂರು ತಿರುಗಿತು. ನವಲಗುಂದಕ್ಕೂ ಹೋಯಿತು.

ಕಾಳವ್ವನ ಎಡಗಣ್ಣು ಹೋಗಿ ಬಹಳ ವರ್ಷವಾಗಿತ್ತು. ಬಲಗಣ್ಣಿನೊಳಗೆ ಒತ್ತಡ ಏರದ ಹಾಗೆ ದಿನವೂ ಹನಿ ಔಷಧ ಹಾಕಿಕೊಳ್ಳಬೇಕಿತ್ತು. ಊರಲ್ಲಿದ್ದಾಗ ಮೇಬಲ್ಲೇ ಗೋಡೆಯಾಚೆಯಿಂದ "ಹನಿ ಬಿಟ್ಕೊಂಡ್ಯೇನ ಕಾಳವ್ವ?" ಎಂದು ಕೂಗುತ್ತಿದ್ದಳು.

ಬಾಣಂತನ ಮುಗಿಸಿ ಅವಳು ತಿರುಗಿ ಬಂದ ದಿನ ನಾನು ಹೊರಗೆ ಕೂತಿದ್ದೆ. ಅಳಿಯ ಆಟೋದಿಂದ ಗಂಟು ಇಳಿಸುತ್ತಿದ್ದ. ಕಾಳವ್ವ ಕಾಂಪೌಂಡ್ ಗೋಡೆಯನ್ನು ಅಂಗೈಯಿಂದ ಸವರುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ನಮ್ಮ ಗೇಟಿನ ಕಂಬ ಕೈಗೆ ತಾಗಿದಾಗ ನಿಂತಳು.

"ಮೇಬಲವ್ವ, ಅದಿಯೇನ?"

ಮೇಬಲ್ ಕೈಯಲ್ಲಿ ರೊಟ್ಟಿಯ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು. ಕಾಳವ್ವ ಅವಳ ಮುಖದ ಕಡೆ ನೋಡಲಿಲ್ಲ, ಸ್ವಲ್ಪ ಬದಿಗೆ, ನುಗ್ಗೆಗಿಡದ ಕಡೆ ತಿರುಗಿ ಮಾತಾಡಿದಳು.

"ನಿಂದು ವಿಡಿಯೋ ನೋಡಿದ್ನಿ. ಖುಷಿ ಆತು. ಫೋನ್ ಮಾಡಿದ್ನಿ, ನ್ಯಾನ್ಸವ್ವ ಎತ್ತಿದ್ಳು. ನಿನ್ನ ಕೂಡ ಮಾತಾಡ್ತೇನಿ ಅಂದ್ರ, ಅತ್ತಿ ಮಲಗ್ಯಾರ ಅಂದ್ಳು. ನಂಗೂ ಆ ಸ್ವಾಮ್ಯಾರು ಪ್ರಾರ್ಥನಿ ಮಾಡಿದ ಎಣ್ಣಿ ಕಳಸವ್ವ ಅಂದ್ನಿ. ಕಂಡಕ್ಟರ್ ಕೈಯಾಗ ಕಳಿಸಿದ್ಳು. ಔಷಧ ಮತ್ತ ಎಣ್ಣಿ ಎರಡೂ ಹಾಕ್ಕೊಂಡ್ರ ಎರಡ ದೋಣ್ಯಾಗ ಕಾಲ ಇಟ್ಟಂಗ ಅಂದ್ಳು. ಔಷಧ ಬಿಟ್ಟೆ."

ಸೆರಗಿನ ತುದಿ ಬಿಚ್ಚಿ ಪುಟ್ಟ ಬಾಟಲಿ ತೆಗೆದಳು. ಮುಚ್ಚಳದ ಮೇಲೆ ಜಾನ್ಸನ್ನನ ಮುಖ.

"ಮೊದಲ ಭಾಳ ನೋವಿತ್ತು. ಸೈತಾನ ಹೊರಗ ಹೊಂಟಾನ, ತಡ್ಕೊಳ್ರಿ ಅಂದ್ಳು. ಆಮ್ಯಾಲ ನೋವೂ ಹೋತು, ಬೆಳಕೂ ಹೋತು."

ಮೇಬಲ್ ಅವಳ ಕೈ ಹಿಡಿದುಕೊಂಡು ನಿಂತಳು. ಹಿಟ್ಟು ಇಬ್ಬರ ಕೈಗೂ ಮೆತ್ತಿತು.

ಅವತ್ತೇ ಸತ್ತೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹುಡುಗಿ ಬಹಳ ಹೊತ್ತು ನೋಡಿ, ಹೋದದ್ದು ಬರುವುದಿಲ್ಲ ಎಂದಳು. ಔಷಧ ಯಾಕೆ ಬಿಟ್ಟಿರಿ ಎಂದು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ನ್ಯಾನ್ಸಿ ಶಾಲೆಯಿಂದ ಬಂದಳು. ಮೇಬಲ್ ಬಾಟಲಿಯನ್ನು ಅವಳ ಟಿಫಿನ್ ಡಬ್ಬಿಯ ಪಕ್ಕ ಇಟ್ಟಳು.

"ಇದನ್ನ ನೀ ಕಳಿಸಿದ್ದೆ?"

ನ್ಯಾನ್ಸಿ ಮೊದಲು ಬಾಟಲಿ ನೋಡಿದಳು, ಆಮೇಲೆ ನನ್ನನ್ನು. "ಕಾಳವ್ವಜ್ಜಿ ಬಂದ್ರೇನ್ರಿ? ಕಣ್ಣ ಹೆಂಗದಾವ?"

"ಇಲ್ಲ. ಕಣ್ಣ ಇಲ್ಲ."

"ಅಂದ್ರ?"

"ಅಂದ್ರ ಇಲ್ಲ. ಕುಲ್ಡಿ ಆಗ್ಯಾಳ. ಈಗ ಕರಕೊಂಡ ಹೋಗು ಸ್ಟೇಜಿಗೆ, ಖರೇ ಕುಲ್ಡಿ ಸಿಕ್ಕಾಳ."

ನ್ಯಾನ್ಸಿ ಕುರ್ಚಿಯ ಮೇಲೆ ಕೂತಳು. "ನಾ ಕೆಟ್ಟದ್ದಾಗ್ಲಿ ಅಂತ ಮಾಡಿಲ್ರಿ ಅತ್ತಿ. ಅಪೋಸ್ತಲರು ಪ್ರತಿ ಸಭಾದಾಗ ಹೇಳ್ತಾರ, ಔಷಧ ಅಂದ್ರ ಅವಿಶ್ವಾಸ ಅಂತ. ನಾನೂ ತಲಿನೋವಿನ ಗುಳಿಗಿ ಬಿಟ್ಟೇನಿ." ಬಾಟಲಿಯನ್ನು ದೂರ ಸರಿಸಿ ಹೇಳಿದಳು, "ಕಾಳವ್ವಜ್ಜಿ ಪೂರ್ಣ ನಂಬಿರಲಿಕ್ಕಿಲ್ಲ."

ಅದು ಆಡಬಾರದ ಮಾತು. ಜಾಯ್ಸ್ ತಟ್ಟನೆ ಎದ್ದು, "ಮಮ್ಮಿ, ಬಾಯಿ ಮುಚ್ಚು!" ಎಂದಳು. ನೋಯೆಲ್ ಮಗಳಿಗೆ ಹೊಡೆಯಲು ಕೈ ಎತ್ತಿದ. ನಾನು ಅಡ್ಡ ಹೋದೆ. ಮೇಬಲ್ ಒಳಗೆ ಹೋಗಿ ಬೆಳ್ಳುಳ್ಳಿಯ ಬುಟ್ಟಿ ತಂದು ಕೂತಳು. ನಾನು ಉಣಕಲ್ ಕೆರೆಗೆ ಹೋದೆ.

ನಂತರದ ಕೆಲವು ವಾರ ಮನೆಯಲ್ಲಿ ಎರಡು ಒಲೆ ಉರಿಯಲಿಲ್ಲ ಅಷ್ಟೆ, ಉಳಿದಂತೆ ಎರಡು ಮನೆ. ಮೇಬಲ್ ಮಾಡಿದ್ದನ್ನು ನ್ಯಾನ್ಸಿ ತಾನೇ ಹಾಕಿಕೊಂಡು ಕೋಣೆಯಲ್ಲಿ ಉಣ್ಣುತ್ತಿದ್ದಳು. ಮೇಬಲ್ ಮೂರು ಹೊತ್ತೂ ಕಾಳವ್ವನಿಗೆ ರೊಟ್ಟಿ, ಪಲ್ಯ ಒಯ್ಯುತ್ತಿದ್ದಳು. ಬಚ್ಚಲಿಗೆ ಹೋಗಲು ಹಗ್ಗ ಕಟ್ಟಿಕೊಟ್ಟಳು. ಒಂದು ದಿನ ಊಟದ ನಡುವೆ ಎದ್ದು ಸೊಸೆಯ ಕೋಣೆಯ ಬಾಗಿಲಿಗೆ ಹೋಗಿ, ಯಾರೂ ಕೇಳದೆ, ಹೇಳಿದಳು:

"ನ್ಯಾನ್ಸಿ, ನಿಮ್ಮ ಅಪೋಸ್ತಲರ್ನ ಊಟಕ್ಕ ಕರಿ."

ನ್ಯಾನ್ಸಿಯ ಕೈಯಲ್ಲಿದ್ದ ತುತ್ತು ನಿಂತಿತು. ಅಪೋಸ್ತಲನನ್ನು ಊಟಕ್ಕೆ ಕರೆಯುವುದೆಂದರೆ ಸಣ್ಣ ಮಾತಲ್ಲ. ಅವನ ಮಂದಿಯಲ್ಲಿ ಅದಕ್ಕೆ ಪಾಳಿ ಇರುತ್ತಿತ್ತು. ಅವನು ಬಂದು ಉಂಡ ಮನೆಯ ಹೆಂಗಸು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅವನ ತಟ್ಟೆಯಲ್ಲಿ ಉಳಿದದ್ದನ್ನು ಆಶೀರ್ವಾದವೆಂದು ಆ ಮನೆಯವರು ಹಂಚಿಕೊಂಡು ತಿನ್ನುತ್ತಿದ್ದರು. ನನ್ನ ಮುತ್ತಜ್ಜ ಯಾರದೋ ಕಾಲು ತೊಳೆದ ನೀರು ಕುಡಿಯಲಾರೆ ಎಂದು ಹಟ ಮಾಡಿ ಮಿಷನ್ನಿಗೆ ಬಂದವನು. ಅವನ ಮರಿಮೊಮ್ಮಗನ ಸೊಸೆ ಎಂಜಲಿಗೆ ಪಾಳಿ ಹಚ್ಚಿದ್ದಳು.

"ಖರೇನ ಅನ್ನಾಕತ್ತೀರೇನ್ರಿ ಅತ್ತಿ?"

"ನಾನ ಅಡಗಿ ಮಾಡ್ತೇನಿ. ಸಾಕ್ಷಿ ಹೇಳಿದಾಕಿ ಮನಿ ಅಂದ್ರ ಅವರೂ ಬರ್ತಾರ. ಕ್ಯಾಮೆರಾದವರ್ನೂ ಕರಕೊಂಡ ಬರ್ರಿ ಅನ್ನು."

ನ್ಯಾನ್ಸಿ ಎದ್ದು ಅತ್ತೆಯ ಎಂಜಲ ಕೈಯನ್ನೇ ಹಿಡಿದು ಅತ್ತಳು. ದೇವರು ಅತ್ತೆಯ ಮನಸ್ಸು ಕರಗಿಸಿದನೆಂದು ಫೋನಿನಲ್ಲಿ ಎಲ್ಲರಿಗೂ ಹೇಳಿದಳು. ನೋಯೆಲ್ ಹೊಸ ಟೇಬಲ್ ಹಾಸು ತಂದ. ನಾನು ಒಂಟಿಯಾಗಿ ಸಿಕ್ಕಾಗ ಮೇಬಲ್‌ಳನ್ನು ಕೇಳಿದೆ:

"ಮಟನ್‌ದಾಗ ಏನರ ಬೆರಸಾಕಿ ಇದ್ದಿ?"

"ಥೂ. ನಿಮ್ಮ ತಲಿ. ಛಲೋ ಅಡಗಿ ಮಾಡಾಕಿ ಅದೇನಿ. ಇಷ್ಟ ಛಲೋ ನಮ್ಮ ಮದುವ್ಯಾಗೂ ಮಾಡಿರಬಾರದು, ಹಂಗ."

ಶನಿವಾರ ಮಧ್ಯಾಹ್ನ ಊಟ. ಬೆಳಿಗ್ಗೆಯಿಂದ ಮಸಾಲೆ ಅರೆಯುವುದು, ಕೊಬ್ಬರಿ ಹುರಿಯುವುದು. ಮಟನ್ ಸಾರು, ಖೀಮಾ, ಬದನೆಕಾಯಿ ಎಣ್ಣೆಗಾಯಿ, ತೆಳ್ಳನೆಯ ಜೋಳದ ರೊಟ್ಟಿ, ಪಲಾವು. ಓಣಿ ತುಂಬ ವಾಸನೆ. ನ್ಯಾನ್ಸಿ ಅತ್ತೆಯ ಹಿಂದೆ ಮುಂದೆ ಓಡಾಡುತ್ತ ಈರುಳ್ಳಿ ಹೆಚ್ಚಿ ಕೊಟ್ಟಳು. ಇಬ್ಬರೂ ನಗುತ್ತ ಮಾತಾಡಿದರು.

ಅಪೋಸ್ತಲ ದೊಡ್ಡ ಕಾರಿನಲ್ಲಿ ಬಂದ. ಕರಿ ಅಂಗಿಯವರು ಇಬ್ಬರು, ಕ್ಯಾಮೆರಾದವನೊಬ್ಬ. ಅಕ್ಕಪಕ್ಕದ ಮನೆಯ ರುಕ್ಸಾನಾ, ಹನಮೇಶ ಎಲ್ಲ ಗೇಟಿನ ಹೊರಗೆ ನಿಂತು ನೋಡಿದರು. ಅವನು ಒಳಗೆ ಬಂದು ಗೋಡೆಯ ಮೇಲಿನ ತನ್ನನ್ನೇ ಒಮ್ಮೆ ನೋಡಿ, ನಕ್ಕು, ಕೂತ.

"ಅಮ್ಮಾ, ನಿಮ್ಮ ಸಾಕ್ಷಿ ಎಷ್ಟು ಸಾವಿರ ಜನರ ಹೃದಯ ಮುಟ್ಟಿದೆ, ನಿಮಗೆ ಗೊತ್ತೇ?"

"ಒಬ್ರದು ಗೊತ್ತೈತ್ರಿ," ಅಂದಳು ಮೇಬಲ್.

ಎಲ್ಲವನ್ನೂ ಟೇಬಲ್ ಮೇಲೆ ತಂದಿಟ್ಟಳು. ಮುಚ್ಚಳ ತೆಗೆದಳು. ಸಾರಿನ ಹಬೆ ಎದ್ದು ಅವನ ಮುಖಕ್ಕೆ ಬಡಿಯಿತು. ನಮ್ಮವರಲ್ಲಿ ಪ್ರಾರ್ಥನೆ ಆಗದೆ ಯಾರೂ ಅನ್ನ ಮುಟ್ಟುವುದಿಲ್ಲ. ಅವನು ಊಟದ ಪ್ರಾರ್ಥನೆಗೆಂದು ಕಣ್ಣು ಮುಚ್ಚಿ ಕೈ ಎತ್ತಿದ.

"ತಡೀರಿ," ಅಂದಳು ಮೇಬಲ್. "ಊಟದ ಪ್ರಾರ್ಥನಿಗಿಂತ ಮೊದಲ ಒಂದ ಸಣ್ಣ ಪ್ರಾರ್ಥನಿ ಐತ್ರಿ."

ಹಿತ್ತಲ ಬಾಗಿಲಿನಿಂದ ಕಾಳವ್ವನ ಕೈ ಹಿಡಿದು ಕರೆತಂದಳು. ಕಾಳವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಮೂಗಿಗೆ ಸೆರಗು ಹಿಡಿದು ಬಂದಳು. ಅವಳನ್ನು ಅಪೋಸ್ತಲನ ಎದುರು ಕುರ್ಚಿಯಲ್ಲಿ ಕೂರಿಸಿದಳು. ನ್ಯಾನ್ಸಿಯ ಮುಖ ಬಿಳಿಚಿತು.

"ನನ್ನ ವಿಡಿಯೋ ನೋಡಿ ನಿಮ್ಮನ್ನ ನಂಬಿದಾಕಿ ಈಕಿ. ಡಾಕ್ಟರ್ ಔಷಧ ಬಿಟ್ಟು ನಿಮ್ಮ ಎಣ್ಣಿ ಹಾಕ್ಕೊಂಡ್ಳು. ಇದ್ದ ಒಂದ ಕಣ್ಣೂ ಹೋತು. ನಂಗ ಕೊಟ್ಟೇನಿ ಅಂತ ಫ್ಲೆಕ್ಸ್ ಹಾಕ್ಸೀರಲ್ಲ, ಈಕಿಗೂ ಕೊಡ್ರಿ. ಆಮ್ಯಾಲ ಉಣ್ಣೂಣು."

ಕ್ಯಾಮೆರಾ ತಿರುಗುತ್ತಿತ್ತು. ಅವನು ಏನು ಮಾಡಿಯಾನು? ಎದ್ದ, ಕಾಳವ್ವನ ತಲೆಯ ಮೇಲೆ ಕೈ ಇಟ್ಟ. ಕೂಗಿದ, ಗದರಿಸಿದ, ಯಾವುದೋ ಆತ್ಮಕ್ಕೆ ಹೊರಗೆ ಹೋಗಲು ಆಜ್ಞೆ ಮಾಡಿದ. ಗೇಟಿನ ಹತ್ತಿರ ನಾಯಿ ಬೊಗಳಿತು. ಕಾಳವ್ವ ಮಾತ್ರ ಎರಡೂ ಕೈ ಜೋಡಿಸಿ ನಿಶ್ಚಲವಾಗಿ ಕೂತಿದ್ದಳು.

ಅವನು ಅವಳ ಮುಂದೆ ಬೆರಳು ಹಿಡಿದ. "ಅಮ್ಮಾ, ಏನು ಕಾಣ್ತದೆ?"

"ಕಾಣಂಗಿಲ್ರಿ ಯಪ್ಪಾ. ಕುರಿ ವಾಸನಿ ಅಷ್ಟ ಬರಾಕತ್ತೈತಿ."

ಗೇಟಿನ ಹೊರಗಿನಿಂದ ಹನಮೇಶ ಕಿಸಕ್ಕನೆ ನಕ್ಕ. ಅಪೋಸ್ತಲ ಮತ್ತೆ ಕೈ ಇಟ್ಟ, ಮತ್ತೆ ಕೂಗಿದ. ಸಾರಿನ ಮೇಲೆ ಕೊಬ್ಬು ಬಿಳಿಯ ಪದರವಾಗಿ ಕಟ್ಟತೊಡಗಿತ್ತು. ಮೇಬಲ್ ಸೌಟು ಹಿಡಿದು ಅವನ ಪಕ್ಕದಲ್ಲೇ ನಿಂತಿದ್ದಳು.

"ಅವಸರ ಇಲ್ರಿ. ಆರಿದ್ರ ಬಿಸಿ ಮಾಡ್ತೇನಿ. ನೀವ ಸಾವಕಾಶ ಮಾಡ್ರಿ."

ಅವನು ಬೆವರು ಒರೆಸಿಕೊಂಡ. "ಅಮ್ಮಾ, ಇಲ್ಲಿ ವಿಶ್ವಾಸದ ಕೊರತೆ ಇದೆ."

"ಯಾರಿಗೆ? ಔಷಧ ಚೆಲ್ಲಿ ನಿಮ್ಮ ಎಣ್ಣಿ ಹಾಕ್ಕೊಂಡಾಕಿಗೆ? ಇದರಕಿಂತ ಹೆಚ್ಚಿಗಿ ವಿಶ್ವಾಸ ಹೆಂಗ ಇಡಬೇಕ್ರಿ, ತಲಿ ಕೊಯ್ದ ಕೊಡಬೇಕೇನು?"

"ಅವರು ಬೇರೆ ದೇವರನ್ನು..."

"ನನ್ನ ದೇವರ ಸುದ್ದಿ ಬ್ಯಾಡ್ರಿ," ಅಂದಳು ಕಾಳವ್ವ, ಮೊದಲ ಬಾರಿ ದನಿ ಎತ್ತಿ. "ಆಂವ ನಂಗ ಔಷಧ ಬಿಡು ಅಂತ ಎಂದೂ ಹೇಳಿಲ್ಲ."

ಮೇಬಲ್ ಸೌಟು ಕೆಳಗಿಟ್ಟಳು. "ಕೇಳ್ರಿ ಜಾನ್ಸನ್. ನಂಗ ಪೊರಿ ಬಂದಿತ್ತು. ಡಾಕ್ಟರ್ ತಗದ್ರು. ನಿಮ್ಮ ಸ್ಟೇಜ್ ಹತ್ತೂ ಮೊದ್ಲ ನಾ ಪೇಪರ್ ಓದತಿದ್ನಿ. ನಿಮಗೂ ಗೊತ್ತಿತ್ತು, ಅದಕ್ಕ ಮೈಕ್ ಕಸಗೊಂಡ್ರಿ. ಹೋಗ್ಲಿ. ಈಗ ಈಕಿ ಮುಂದ ಒಂದ ಮಾತ ಹೇಳ್ರಿ. 'ನನ್ನ ಕೈಲಿ ಆಗಂಗಿಲ್ಲ, ನಾನೂ ನಿಮ್ಮಂಗ ಒಬ್ಬ ಮನಷಾ' ಅಂತ. ಅಷ್ಟ ಅಂದ್ರ ಸಾಕು. ನಾನ ನನ್ನ ಕೈಯಾರ ಬಡಸ್ತೇನಿ, ಹೊಟ್ಟಿ ತುಂಬ ಉಂಡ ಹೋಗ್ರಿ."

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವಲಕ್ಕಿ ತಿಂದು ತಟ್ಟೆ ತೊಳೆಯುತ್ತಿದ್ದ ಆ ಹಳೆಯ ಹುಡುಗ ಒಂದು ಕ್ಷಣ ಕಣ್ಣಲ್ಲಿ ಬಂದು ಹೋದ ಹಾಗಾಯಿತು. ಆಮೇಲೆ ಅವನು ಕ್ಯಾಮೆರಾದವನ ಕಡೆ ತಿರುಗಿದ.

"ಆಫ್ ಮಾಡೋ."

ಕುರ್ಚಿ ಹಿಂದೆ ಸರಿಸಿ ಎದ್ದ. ನ್ಯಾನ್ಸಿ ಓಡಿ ಬಂದು ಅವನ ಕಾಲಿಗೆ ಬಿದ್ದಳು. "ಅಯ್ಯಾ, ಉಣ್ಣದ ಹೋಗಬ್ಯಾಡ್ರಿ. ನಮ್ಮ ಮನಿಗೆ ಶಾಪ ಹತ್ತೈತ್ರಿ."

ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಮನೆಯವರೆಲ್ಲ ಕೇಳುವಂತೆ, ಗೇಟಿನ ಹೊರಗಿನವರಿಗೂ ಕೇಳುವಂತೆ ಹೇಳಿದ: "ಸಿಸ್ಟರ್, ನಾನು ಯಾರಿಗೂ ಔಷಧ ಬಿಡಲು ಹೇಳಿಲ್ಲ. ನೀವು ನಿಮ್ಮ ಸ್ವಂತ ಬುದ್ಧಿಯಿಂದ ಏನೋ ಮಾಡಿದ್ದೀರಿ. ಅದಕ್ಕೆ ಸೇವೆ ಹೊಣೆಯಲ್ಲ. ನಿಮ್ಮ ಮನೆಯಲ್ಲಿ ಪ್ರವಾದಿಗಳನ್ನು ಕೊಲ್ಲಿಸಿದ ರಾಣಿ ಈಜೆಬೆಲಳ ಆತ್ಮ ಇದೆ."

ಕಾರು ಹೋಯಿತು. ನ್ಯಾನ್ಸಿ ನೆಲದ ಮೇಲೆಯೇ ಕೂತಿದ್ದಳು. ಔಷಧ ಅಂದರೆ ಅವಿಶ್ವಾಸ ಎಂದು ಅವನ ಬಾಯಿಂದ ಕೇಳಿ, ಡೈರಿಯಲ್ಲಿ ಕೆಂಪು ಮಸಿಯಲ್ಲಿ ಬರೆದುಕೊಂಡವಳು ಅವಳು. ಅಳು ಕೂಡ ಬರುತ್ತಿರಲಿಲ್ಲ.

ಮೇಬಲ್ ಕಾಳವ್ವನ ಕೈ ತಟ್ಟಿ, "ನೋಡಿದ್ಯಾ?" ಎಂದಳು. ಕುರುಡಿಯನ್ನು ನೋಡಿದ್ಯಾ ಎಂದು ಕೇಳುವಷ್ಟು ಅವಳಿಗೆ ಗೆಲುವಿನ ಅಮಲು ಏರಿತ್ತು.

ಅವರ ಕ್ಯಾಮೆರಾ ಆರಿತ್ತು, ಜಾಯ್ಸಳ ಫೋನು ಆರಿರಲಿಲ್ಲ. ಊಟ ಓಣಿಯವರು ಉಂಡರು. ರುಕ್ಸಾನಾ ಎರಡು ಡಬ್ಬಿ ಒಯ್ದಳು. ಆಮೇಲೆ ನಮ್ಮ ಮನೆಯಲ್ಲಿ ಜಾಯ್ಸ್ ಹಿಡಿದ ವಿಡಿಯೋದ್ದೇ ಜಗಳ.

"ಅಜ್ಜಿ, ಹಾಕ್ಲೇನು?" ಎಂದಳು ಜಾಯ್ಸ್.

"ಹಾಕಿದ್ರ ನಿಮ್ಮ ಅವ್ವನ ಮರ್ಯಾದಿ ಊರ ತುಂಬ ಹೋಕ್ಕೈತಿ," ಎಂದು ನೋಯೆಲ್ ಕೂಗಿದ. "ಅವ್ವಾ, ನಿನ್ನ ಹಟಕ್ಕ ನನ್ನ ಸಂಸಾರ ಸುಡಬ್ಯಾಡ."

"ಮರ್ಯಾದಿ ತಿರುಗಿ ಬರ್ತೈತೋ ಮಗನ. ಕಾಳವ್ವನ ಕಣ್ಣ ಬರಂಗಿಲ್ಲ. ಹಾಕವ್ವ ಜಾಯ್ಸ್."

ಹಾಕಿದಳು. ಜನ ನೋಡಿದರು, ನಕ್ಕರು, ಹನಮೇಶನ ನಗುವನ್ನೂ ಸೇರಿಸಿ ಕುಣಿಸಿದರು. ಅಪೋಸ್ತಲ ಹಾಳಾದ ಅಂದುಕೊಂಡಿರೋ? ಮುಂದಿನ ಭಾನುವಾರ ಅವನು ಈಜೆಬೆಲಳ ಮೇಲೆ ಪ್ರಸಂಗ ಮಾಡಿದ. ಗೋದಾಮಿನಲ್ಲಿ ನಿಲ್ಲಲು ಜಾಗವಿರಲಿಲ್ಲವಂತೆ. ಹೇಳಿದವನು ನೋಯೆಲ್. ಅವನು ಅವತ್ತೂ ಕಾರು ನಿಲ್ಲಿಸಲು ಹೋಗಿದ್ದ. ನ್ಯಾನ್ಸಿಯನ್ನು ಮಾತ್ರ ಮಹಿಳಾ ಕೂಟದಿಂದ ತೆಗೆದುಹಾಕಿದರು. ಅವಳ ಜೊತೆ ಕೈ ಹಿಡಿದು ಪ್ರಾರ್ಥಿಸುತ್ತಿದ್ದ ಹೆಂಗಸರು ಬಸ್ ಸ್ಟಾಪಿನಲ್ಲಿ ಮುಖ ತಿರುಗಿಸಿದರು.

ಮೇಬಲ್‌ಗೆ ಇದೆಲ್ಲ ಬೆಲ್ಲ ತಿಂದ ಹಾಗಿತ್ತು. "ಮಾಡಿದ್ದ ಉಣ್ಲಿ," ಎನ್ನುತ್ತಿದ್ದಳು. ಆದರೆ ಅವಳಿಗೆ ಬೇಕಾಗಿದ್ದದ್ದು ಬೇರೆ. ಅವನ ಬಾಯಿಂದ ಆ ಒಂದು ಮಾತು ಕಾಳವ್ವನ ಕಿವಿಗೆ ಬೀಳಬೇಕಿತ್ತು. ಅದು ಬಿದ್ದಿರಲಿಲ್ಲ. ಅದರ ಬದಲು ಬೇರೆ ಮಾತು ಬಿದ್ದಿತ್ತು.

ಅದು ಗೊತ್ತಾದದ್ದು ಒಂದು ಬೆಳಿಗ್ಗೆ, ಮೇಬಲ್ ರೊಟ್ಟಿ ಒಯ್ದಾಗ. ನಾನು ಕಾಳವ್ವನ ಕಟ್ಟೆಯ ಮೇಲೆ ಕೂತು ಅವಳ ಹಗ್ಗದ ಗಂಟು ಬಿಗಿ ಮಾಡುತ್ತಿದ್ದೆ. ಕಾಳವ್ವ ರೊಟ್ಟಿ ಮುರಿಯದೆ ಕೂತಿದ್ದಳು.

"ಮೇಬಲವ್ವ, ಆ ಮನಷಾ ನಂಗ ವಿಶ್ವಾಸ ಕಡಿಮಿ ಅಂದನಲ್ಲ..."

"ಆಂವಂದೇನ ತಗೋತಿ, ಉಣ್ಣು."

"ಖರೇ ಇರಬೇಕ. ನೋವ ತಡೀಲಾರದ ನಾ ನಡುವ ಒಂದ ದಿನ ಔಷಧದ ಹನಿ ಬಿಟ್ಕೊಂಡಿದ್ನಿ. ಯಾರ್ಗೂ ಹೇಳಿಲ್ಲ. ಅದಕ್ಕ ಹೋತೇನೋ ಕಣ್ಣ? ಆಂವಗ ಅದು ಹೆಂಗ ಗೊತ್ತಾತು?"

ಮೇಬಲ್ ಅವಳ ಪಕ್ಕದಲ್ಲೇ ಕೂತಳು. ಔಷಧ ನಿಲ್ಲಿಸಿದ್ದಕ್ಕೇ ಕಣ್ಣು ಹೋಯಿತು ಎಂದು ಎಷ್ಟು ಹೇಳಿದರೂ ಕಾಳವ್ವ ತಲೆ ಅಲ್ಲಾಡಿಸಿದಳು. ನೀನು ನನ್ನ ಸಮಾಧಾನಕ್ಕೆ ಹೇಳುತ್ತೀ ಎಂದಳು.

ಮೇಬಲ್ ಮನೆಗೆ ಬಂದು ನೇರ ನ್ಯಾನ್ಸಿಯ ಕೋಣೆಯ ಬಾಗಿಲು ತೆಗೆದಳು. ನ್ಯಾನ್ಸಿ ಶಾಲೆಗೆ ಹೊರಡಲು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು.

"ಏಳು. ಕಾಳವ್ವನ ಕಡೆ ಹೋಗು. ಯಾಕ ಕಣ್ಣ ಹೋತು ಅಂತ ನಿನ್ನ ಬಾಯಿಂದ ಹೇಳು."

"ಅತ್ತಿ, ನಾ ಹೆಂಗ ಹೇಳ್ಲಿ? ಅವರ ಮುಖ ಹೆಂಗ ನೋಡ್ಲಿ?"

"ಆಕಿಗಿ ನಿನ್ನ ಮುಖ ಕಾಣಂಗಿಲ್ಲಲ್ಲ. ಫೋನಿನ್ಯಾಗ ಔಷಧ ಬಿಡ್ರಿ ಅಂತ ಹೆಂಗ ಹೇಳಿದ್ದೆ, ಹಂಗ ಹೇಳು. ರೊಟ್ಟಿ ಹಿಡಕೋ."

ನ್ಯಾನ್ಸಿ ಹೋದಳು. ನಾವು ಗೋಡೆಯ ಈಚೆ ನಿಂತಿದ್ದೆವು. ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ ಅವಳ ದನಿ ಬಂತು, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ, ತಡೆದು ತಡೆದು.

"ಅಜ್ಜಿ, ನೀವ ಒಂದ ದಿನ ಔಷಧ ಹಾಕ್ಕೊಂಡಿದ್ದಕ್ಕ ಕಣ್ಣ ಹೋಗಿಲ್ರಿ. ದಿನಾ ಹಾಕ್ಕೊಂಡಿದ್ರ ಉಳೀತಿತ್ತು. ಅದನ್ನ ಬಿಡ್ರಿ ಅಂತ ಹೇಳಿದಾಕಿ ನಾನು. ಎಣ್ಣ್ಯಾಗ ಏನೂ ಇರಲಿಲ್ಲ. ಅದು ಬರೇ ಕೊಬ್ಬರಿ ಎಣ್ಣಿ, ಬಾಟ್ಲಿಗೆ ನಾವ ಹೆಣ್ಣಮಕ್ಕಳ ತುಂಬತಿದ್ವಿ."

ಕಾಳವ್ವ ರೊಟ್ಟಿ ಮುರಿದ ಸದ್ದು ಕೇಳಿಸಿತು. ಅಗಿದು, ನುಂಗಿ, ಹೇಳಿದಳು:

"ಹೂಂ. ಹೋಗು. ನಾಳಿ ಬಂದು ಮತ್ತ ಹೇಳು."

ಮರುದಿನ ನ್ಯಾನ್ಸಿ ಮತ್ತೆ ಹೋಗಿ ಹೇಳಿದಳು. ಅದರ ಮರುದಿನವೂ. ಒಮ್ಮೆ ರೊಟ್ಟಿ ಇಟ್ಟು ಸುಮ್ಮನೆ ಹೊರಡಲು ನೋಡಿದಾಗ ಕಾಳವ್ವ ಕರೆದಳು: "ನ್ಯಾನ್ಸವ್ವ, ಇವತ್ತ ಹೇಳಿಲ್ಲ ನೀ." ನ್ಯಾನ್ಸಿ ತಿರುಗಿ ಕೂತು ಹೇಳಿದಳು. ದಿನದಿನಕ್ಕೆ ಅವಳು ತೆಳ್ಳಗಾಗುತ್ತ ಹೋದಳು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದಳು. ನೋಯೆಲ್ ಇಬ್ಬರು ಮುದುಕಿಯರಿಗೂ ಶಾಪ ಹಾಕಿದ.

ಕೊನೆಗೆ ಮೇಬಲ್‌ಗೇ ತಡೆಯಲಾಗಲಿಲ್ಲ. ಒಂದು ಸಂಜೆ ಗೋಡೆಯ ಹತ್ತಿರ ನಿಂತು ಹೇಳಿದಳು, "ಸಾಕ ಬಿಡ ಕಾಳವ್ವ. ಹುಡುಗಿ ಸತ್ತ ಹೋಕ್ಕಾಳ. ಸೇಡು ತೀರಿತಲ್ಲ."

ಕಾಳವ್ವ ಆ ಕಡೆಯಿಂದ ಗೋಡೆ ಸವರಿ ಮೇಬಲ್‌ಳ ಕೈ ಹುಡುಕಿಕೊಂಡಳು.

"ಸೇಡ ನಿಂದಿತ್ತ ಮೇಬಲವ್ವ. ನಂದಲ್ಲ. ಆಕಿ ಬಂದ ಹೇಳಿದ ದಿನ ನಂಗ ರೊಟ್ಟಿ ಒಳಗ ಇಳೀತೈತಿ. ಹೇಳಿ ಹೋಗಿ ಸಂಜಿ ಆಗೂದ್ರಾಗ, ಇಲ್ಲ, ನನ್ನ ವಿಶ್ವಾಸನ ಕಡಿಮಿ ಬಿತ್ತು ಅಂತ ಮತ್ತ ಅನಸಾಕ ಹತ್ತತೈತಿ. ಆಂವ ಆಡಿದ ಮಾತ ಹೋಗವಲ್ದು. ನಾ ಏನ ಮಾಡ್ಲಿ?"

ಮೇಬಲ್ ಒಳಗೆ ಬಂದಳು. ಬೆಳ್ಳುಳ್ಳಿಯ ಬುಟ್ಟಿಯ ಹತ್ತಿರ ಹೋಗಲಿಲ್ಲ. ಮರುದಿನ ಎಂದಿಗಿಂತ ಮೊದಲೇ ಎದ್ದು ಹಂಚು ಕಾಯಿಸಿ ಎರಡು ರೊಟ್ಟಿ ಬಡಿದಳು, ಮೇಲೆ ಬೆಣ್ಣೆ ಇಟ್ಟಳು, ತಟ್ಟೆಯನ್ನು ನ್ಯಾನ್ಸಿಯ ಕೈಗೆ ಕೊಟ್ಟಳು. ಸೊಸೆಯ ಸೆರಗು ಭುಜದಿಂದ ಜಾರಿತ್ತು. ಅದನ್ನು ಸರಿಮಾಡಿ, ಬೆನ್ನ ಮೇಲೆ ಕೈ ಇಟ್ಟು ಬಾಗಿಲ ಕಡೆ ಮೆಲ್ಲನೆ ನೂಕಿದಳು.

"ನಡಿ, ನಾನೂ ಬರ್ತೇನಿ. ನೀ ಹೇಳೂದು ಹೇಳು, ನಾ ಬಾಜೂಕ ಕುಂದರ್ತೇನಿ."